ಹುಟ್ಟುಹಬ್ಬದ ಖರ್ಚಿನ ಚರಿತ್ರೆ

ಈ ಸಲದ ನನ್ನ ಮಾತು ಮಕ್ಕಳ ಹುಟ್ಟುಹಬ್ಬದ ಪಾರ್ಟಿಯ ಬಗ್ಗೆ, ಅದರಲ್ಲೂ ಅದರ ಖರ್ಚಿನ ಬಗ್ಗೆ. ಇದೂ ಒಂದು ಚರಿತ್ರೆಯೇ ಎಂದು ಮೂಗು ಮುರಿಯಬೇಡಿ. ಮುಂದಿನ ಸಲ ಊರಿನಿಂದ ಅಜ್ಜ ಬಂದಾಗ ಅವರ ಪಾಸ್‌ಪೋರ್ಟ್ ತೆಗೆದು ಹುಟ್ಟಿದ ದಿನಾಂಕ ನೋಡಿ. ಜೂನ್ 1 ಎಂದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಕರ್ನಾಟಕದಲ್ಲಿ ಆ ತಲೆಮಾರಿನ ಲೆಕ್ಕವಿಲ್ಲದಷ್ಟು ಜನ ಕಾಗದದ ಮೇಲೆ ಜೂನ್ 1ರಂದೇ ಹುಟ್ಟಿದ್ದಾರೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಮಗುವನ್ನು ಸೇರಿಸಲು ಬಂದ ಅಪ್ಪನಿಗೆ ತಾರೀಖು ಗೊತ್ತಿಲ್ಲ. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುತ್ತದೆಯೇ ಎಂದು ನೋಡುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು ಎಂದರ್ಥ. ಲೆಕ್ಕಕ್ಕೆ ಹೊಂದುವ ಒಂದು ವರ್ಷ ಹಿಡಿದು, ಜೂನ್ 1 ಎಂದು ಬರೆದುಕೊಂಡರೆ ಮುಗಿಯಿತು. ಆ ತಾರೀಖೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ನೌಕರಿಗೆ, ಅಲ್ಲಿಂದ ಅಮೆರಿಕದ ವೀಸಾಕ್ಕೆ ಬಂದು ಕೂತಿತು. ಜನನ ನೋಂದಣಿಯನ್ನು ಇಡೀ ಭಾರತಕ್ಕೆ ಕಡ್ಡಾಯ ಮಾಡಿದ ಕಾಯಿದೆ ಬಂದದ್ದೇ 1969ರಲ್ಲಿ.

ತಾರೀಖೇ ಗೊತ್ತಿಲ್ಲದ ಮನೆಯಲ್ಲಿ ಪಾರ್ಟಿ ಎಲ್ಲಿಂದ ಬರಬೇಕು?

ಇದನ್ನು ಹೇಳುವುದಕ್ಕೆ ಕಾರಣವಿದೆ. ನಾನು ವಾರಾಂತ್ಯದಲ್ಲಿ ಕಲಿಸುವ ಕನ್ನಡ ತರಗತಿಯ ದೊಡ್ಡ ಮಕ್ಕಳು, ಅಂದರೆ ನಿಮ್ಮಂಥವರೇ, ಒಮ್ಮೆ ತಮ್ಮ ತಮ್ಮ ಹಳೆಯ ಹುಟ್ಟುಹಬ್ಬಗಳ ಮಾತಾಡುತ್ತಿದ್ದರು. "ನನ್ನ ಕ್ಲಾಸಿನವರೆಲ್ಲ ಟ್ರ್ಯಾಂಪೊಲಿನ್ ಪಾರ್ಕಿನಲ್ಲಿ, ಬೌಲಿಂಗ್ ಸೆಂಟರಿನಲ್ಲಿ ಮಾಡಿಕೊಳ್ಳೋರು ಆಂಟಿ, ನನ್ನದು ಮಾತ್ರ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ, ಅಲ್ಯೂಮಿನಿಯಂ ಟ್ರೇ ತುಂಬ ಚಿತ್ರಾನ್ನ" ಎಂದಳು ಒಬ್ಬಳು. ಎಲ್ಲರೂ ನಕ್ಕರು. ಆದರೆ ಆ ನಗುವಿನ ಅಡಿಯಲ್ಲಿ ಒಂದು ಹಳೆಯ ನಾಚಿಕೆ ಇತ್ತು. ಅಪ್ಪ ಅಮ್ಮ ಜಿಪುಣರಾಗಿದ್ದರು, ಅಥವಾ ಅವರಿಗೆ ಈ ದೇಶದ ರೀತಿ ಗೊತ್ತಿರಲಿಲ್ಲ ಎಂಬ ತೀರ್ಮಾನವೂ ಇತ್ತು. ಈಗ ನಿಮ್ಮಲ್ಲಿ ಕೆಲವರು ತಂಗಿ ತಮ್ಮಂದಿರ ಪಾರ್ಟಿ ಏರ್ಪಾಡು ಮಾಡುವ ವಯಸ್ಸಿಗೆ ಬಂದಿದ್ದೀರಿ, ಕೆಲವರು ಸ್ವಂತ ಮಕ್ಕಳದ್ದನ್ನೂ. ಹಾಗಾಗಿ ಆ ತೀರ್ಮಾನವನ್ನು ಸ್ವಲ್ಪ ಅಲ್ಲಾಡಿಸಿ ನೋಡೋಣ ಎನಿಸಿತು. ನಾವು ಪಾರ್ಟಿ ಎಂದು ಕರೆಯುವುದರ ಒಂದೊಂದು ಸಾಮಾನಿಗೂ ಒಂದೊಂದು ತಾರೀಖಿದೆ. ಕೇಕು, ಬಲೂನು, ಹಾಡು ಎಲ್ಲ ಅಗ್ಗವಾದದ್ದರಿಂದಲೇ ಮನೆಮನೆಗೆ ಬಂದವು. ದುಬಾರಿ ಪಾರ್ಟಿ ಎಂಬುದು ಅವೆಲ್ಲಕ್ಕಿಂತ ಚಿಕ್ಕ ವಯಸ್ಸಿನದು.

ಮೊದಲು ಹುಟ್ಟುಹಬ್ಬ ಯಾರದಾಗಿತ್ತು? ರಾಜರದು, ಸಿರಿವಂತರದು. ಕ್ರಿಸ್ತಪೂರ್ವ ಐದನೇ ಶತಮಾನದ ಗ್ರೀಕ್ ಚರಿತ್ರೆಕಾರ ಹೆರೊಡೋಟಸ್ ಪರ್ಷಿಯನ್ನರ ಬಗ್ಗೆ ಬರೆಯುತ್ತ, ಅವರು ವರ್ಷದ ಎಲ್ಲ ದಿನಗಳಿಗಿಂತ ತಾವು ಹುಟ್ಟಿದ ದಿನವನ್ನು ಹೆಚ್ಚು ಆಚರಿಸುತ್ತಾರೆ ಎನ್ನುತ್ತಾನೆ. ಸಿರಿವಂತರು ಅಂದು ಇಡೀ ಎತ್ತನ್ನೋ ಕುದುರೆಯನ್ನೋ ಒಂಟೆಯನ್ನೋ ಸುಟ್ಟು ಬಡಿಸುತ್ತಾರೆ, ಬಡವರು ಚಿಕ್ಕ ಪ್ರಾಣಿಗಳಲ್ಲಿ ಮುಗಿಸುತ್ತಾರೆ. ಪರ್ಷಿಯನ್ನರಿಗೆ ಊಟದ ಮುಖ್ಯ ಪದಾರ್ಥ ಕಡಿಮೆ, ಕೊನೆಯಲ್ಲಿ ಒಂದಾದ ಮೇಲೊಂದು ಬರುವ ತಿನಿಸು ಜಾಸ್ತಿ ಎಂದೂ ಸೇರಿಸುತ್ತಾನೆ. ಎರಡೂವರೆ ಸಾವಿರ ವರ್ಷದ ಹಿಂದೆಯೇ ಬಜೆಟ್ ಇತ್ತು, ಡೆಸರ್ಟ್ ಟೇಬಲ್ಲೂ ಇತ್ತು ಅನ್ನಿ!

ಮೊಘಲರಲ್ಲಿ ಬಾದಶಹರನ್ನು ಹುಟ್ಟುಹಬ್ಬದಂದು ತಕ್ಕಡಿಯಲ್ಲಿ ಕೂರಿಸಿ ಚಿನ್ನ ಮೊದಲಾದವುಗಳಿಗೆ ತೂಗಿ ಹಂಚುತ್ತಿದ್ದರು. ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ 1617ರಲ್ಲಿ ಮಾಂಡುವಿನಲ್ಲಿ ಜಹಾಂಗೀರನ ಇಂಥ ತೂಕವನ್ನು ಕಣ್ಣಾರೆ ಕಂಡ. ನಮ್ಮ ಹಂಪಿಯ ವಿಠ್ಠಲ ದೇವಸ್ಥಾನದ ಹತ್ತಿರ ನೀವು ಫೋಟೊ ತೆಗೆಸಿಕೊಂಡ ಕಲ್ಲಿನ ಕಮಾನು, ರಾಜರ ತುಲಾಭಾರ, ನೆನಪಿದೆಯೇ? ಪದ್ಧತಿ ಅದೇ ಜಾತಿಯದು, ದಿನ ಮಾತ್ರ ಹುಟ್ಟುಹಬ್ಬವೇ ಆಗಬೇಕೆಂದಿರಲಿಲ್ಲ. ಈ ವಿಷಯದಲ್ಲಿ ನನಗೆ ಬಹಳ ಹಿಡಿಸಿದ್ದು 'ಐನ್-ಇ-ಅಕ್ಬರಿ'ಯಲ್ಲಿ ಬರುವ ಮಕ್ಕಳ ಲೆಕ್ಕ. ರಾಜಕುಮಾರರನ್ನು ಎರಡನೇ ವರ್ಷದಲ್ಲಿ ಮೊದಲ ಸಲ ತೂಗುವಾಗ ಒಂದೇ ಒಂದು ವಸ್ತುವಿಗೆ ತೂಗಬೇಕು. ಆಮೇಲೆ ವರ್ಷಕ್ಕೊಂದು ವಸ್ತು ಸೇರಿಸುತ್ತ ಹೋಗಬೇಕು, ಎಷ್ಟೇ ದೊಡ್ಡವರಾದರೂ ಹನ್ನೆರಡನ್ನು ದಾಟಬಾರದು. ಚಿನ್ನ ತೂಗುವ ಅರಮನೆಯಲ್ಲೂ ಮಕ್ಕಳ ಹುಟ್ಟುಹಬ್ಬಕ್ಕೆ ಮಿತಿ ಹಾಕಿದ್ದರು, ನೋಡಿ. ಉರ್ದುವಿನಲ್ಲಿ ಹುಟ್ಟುಹಬ್ಬಕ್ಕೆ ಸಾಲ್‌ಗಿರಹ್ ಎನ್ನುತ್ತಾರೆ, ವರ್ಷದ ಗಂಟು ಎಂದು ಅರ್ಥ. ದಾರಕ್ಕೆ ವರ್ಷಕ್ಕೊಂದು ಗಂಟು ಹಾಕಿ ವಯಸ್ಸಿನ ಲೆಕ್ಕ ಇಡುವ ಪದ್ಧತಿಯಿಂದ ಬಂದ ಮಾತು. ಒಂದು ದಾರ ಸಾಕಾಗುತ್ತಿತ್ತು.

ಮೈಸೂರಿನಲ್ಲಿ ಮಹಾರಾಜರ ಹುಟ್ಟುಹಬ್ಬಕ್ಕೆ ವರ್ಧಂತಿ ಎಂದು ಹೆಸರು. ವೃದ್ಧಿ ಎನ್ನುವ ಪದದ ಬಳಗದ್ದು, ಬೆಳೆಯುವುದು ಎಂದು ಅರ್ಥ. 1881ರಲ್ಲಿ ಶುರುವಾದ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲು ದಸರೆಯ ಕಾಲಕ್ಕೆ ಸೇರುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರ ವರ್ಧಂತಿಯ ಹೊತ್ತಿಗೆ ಇನ್ನೊಂದು ಅಧಿವೇಶನವೂ ಬಂತು, ಅದನ್ನು ವರ್ಧಂತಿ ಅಧಿವೇಶನ ಎಂದೇ ಕರೆದರು. ರಾಜನ ಹುಟ್ಟುಹಬ್ಬಕ್ಕೆ ಊರೂರಿನ ಪ್ರತಿನಿಧಿಗಳು ಬಂದು ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳಿಕೊಳ್ಳುವುದು! ಇದಕ್ಕಿಂತ ಒಳ್ಳೆಯ ಪಾರ್ಟಿ ಗೇಮ್ ನಾನು ಕೇಳಿಲ್ಲ.

ಸಾಮಾನ್ಯರ ಮನೆಯಲ್ಲಿ ಏನಿತ್ತು? ಕೆಲವು ಮನೆಗಳಲ್ಲಿ ಮಗುವಿನ ಜನ್ಮನಕ್ಷತ್ರದ ದಿನ ಎಣ್ಣೆಸ್ನಾನ, ಹೊಸಬಟ್ಟೆ, ದೇವಸ್ಥಾನದಲ್ಲಿ ಅರ್ಚನೆ, ಪಾಯಸ, ಆರತಿ, ಹಿರಿಯರಿಗೆ ನಮಸ್ಕಾರ. ಬಹುಪಾಲು ಬೇಸಾಯದ ಮನೆಗಳಲ್ಲಿ ಅದೂ ಇಲ್ಲ. "ಪ್ಲೇಗು ಬಂದ ವರ್ಷ ಹುಟ್ಟಿದವನು", "ಗಾಂಧಿ ಹೋದ ವರ್ಷ ಹುಟ್ಟಿದವಳು", ಇಷ್ಟೇ ಲೆಕ್ಕ. ಹೆಚ್ಚು ಸಂಭ್ರಮ ಮಾಡುತ್ತಿದ್ದದ್ದು ಎರಡೇ ಕಡೆ: ಮೊದಲ ವರ್ಷ ತುಂಬಿದಾಗ ಮತ್ತು ಅರವತ್ತು ತುಂಬಿದಾಗ. ಇದನ್ನು ಕಂದಾಚಾರ ಎಂದು ತಳ್ಳಿಹಾಕುವ ಮುಂಚೆ ಒಂದು ಅಂಕಿ ಕೇಳಿ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಅದಕ್ಕೆ ಹಿಂದಿನ ಕಾಲದಲ್ಲಿ ಇನ್ನೂ ಹೆಚ್ಚು. ಮೊದಲ ವರ್ಷ ದಾಟಿತು ಎಂದರೆ ಮಗು ಉಳಿಯಿತು ಎಂದರ್ಥ. ಆ ಪಾಯಸಕ್ಕೆ ಇವತ್ತಿನ ಯಾವ ಕೇಕಿಗೂ ಇಲ್ಲದ ತೂಕವಿತ್ತು.

ಈಗ ಯೂರೋಪಿಗೆ ಹೋಗೋಣ, ಕೇಕು ಬಂದದ್ದು ಅಲ್ಲಿಂದಲೇ ಅಲ್ಲವೇ. ಅಲ್ಲಿ ಕ್ಯಾಥೊಲಿಕ್ ನಾಡುಗಳಲ್ಲಿ ಹುಟ್ಟಿದ ದಿನಕ್ಕಿಂತ ನಾಮದಿನ ಮುಖ್ಯ, ಅಂದರೆ ನಿಮಗೆ ಯಾವ ಸಂತನ ಹೆಸರಿಟ್ಟಿದ್ದಾರೋ ಆ ಸಂತನ ಹಬ್ಬದ ದಿನ. ಸಂತರನ್ನು ಪಕ್ಕಕ್ಕಿಟ್ಟ ಪ್ರೊಟೆಸ್ಟೆಂಟರಲ್ಲಿ, ಮುಖ್ಯವಾಗಿ ಜರ್ಮನಿಯಲ್ಲಿ, ಹುಟ್ಟಿದ ದಿನ ಮುಂದೆ ಬಂತು. ಕೇಕಿನ ಮೇಲೆ ವರ್ಷಕ್ಕೊಂದು ಮೇಣದಬತ್ತಿ ಇಟ್ಟ ಹಳೆಯ ದಾಖಲೆಗಳಲ್ಲಿ ಒಂದು 1746ರದು, ಮೊರೇವಿಯನ್ ಪಂಥದ ನಾಯಕ ಕೌಂಟ್ ಜಿಂಜೆಂಡಾರ್ಫ್‌ನ ಹುಟ್ಟುಹಬ್ಬದ್ದು. ಒಲೆಯಲ್ಲಿ ಹಿಡಿಸುವಷ್ಟು ದೊಡ್ಡ ಕೇಕು, ಅದರಲ್ಲಿ ವಯಸ್ಸಿಗೆ ತಕ್ಕಷ್ಟು ತೂತು, ತೂತಿಗೊಂದು ಬತ್ತಿ, ನಡುವೆ ಇನ್ನೊಂದು. ಇದನ್ನು ಬರೆದಿಟ್ಟವನು ಆಂಡ್ರ್ಯೂ ಫ್ರೇ. ಆತ ಪಂಥ ಬಿಟ್ಟು ಹೊರಬಂದು, ಅಲ್ಲಿನ ಆಡಂಬರವನ್ನು ದೂರಿ ಪುಸ್ತಕ ಬರೆದವನು. ನಮಗೆ ಉಳಿದಿರುವ ಮೇಣದಬತ್ತಿಯ ಕಥೆ ದುಂದುವೆಚ್ಚದ ಮೇಲಿನ ದೂರಿನಲ್ಲಿ ಸಿಕ್ಕಿಕೊಂಡು ಉಳಿದದ್ದು ಎಂಬುದು ನನಗೆ ಬಹಳ ಖುಷಿ ಕೊಡುತ್ತದೆ.

ಆ ಕೇಕು ಕೌಂಟ್‌ನ ಮನೆಯಿಂದ ಗುಮಾಸ್ತನ ಮನೆಗೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಸಕ್ಕರೆ ಅಗ್ಗವಾಗಬೇಕಿತ್ತು. ಆ ಸಕ್ಕರೆಯ ಹಿಂದೆ ಕೆರಿಬಿಯನ್ ತೋಟಗಳ ಗುಲಾಮರ ಬದುಕಿತ್ತು ಎಂಬುದನ್ನು ಮರೆಯದೆ ಮುಂದೆ ಹೋಗೋಣ. ಬ್ರಿಟನ್ 1874ರಲ್ಲಿ ಸಕ್ಕರೆಯ ಮೇಲಿನ ಸುಂಕವನ್ನೇ ತೆಗೆದುಹಾಕಿತು. ಅಷ್ಟೇ ಮುಖ್ಯವಾದದ್ದು ಬೇಕಿಂಗ್ ಪೌಡರ್. ಬರ್ಮಿಂಗ್‌ಹ್ಯಾಮಿನ ಔಷಧಿ ಅಂಗಡಿಯ ಆಲ್ಫ್ರೆಡ್ ಬರ್ಡ್ ಎಂಬಾತನ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಆಕೆಗಾಗಿ ಆತ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪೌಡರ್, 1843ರಲ್ಲಿ ಯೀಸ್ಟ್ ಬೇಡದ ಬೇಕಿಂಗ್ ಪೌಡರ್ ಕಂಡುಹಿಡಿದ. "ಎಗ್‌ಲೆಸ್ ಇದೆಯಾ?" ಎಂದು ನಿಮ್ಮ ಅಮ್ಮ ಅಂಗಡಿಯಲ್ಲಿ ಕೇಳುವಾಗ ನೀವು ಮುಜುಗರಪಟ್ಟು ಪಕ್ಕಕ್ಕೆ ಸರಿಯುತ್ತೀರಲ್ಲ, ಆ ಪ್ರಶ್ನೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ಬೇರು ಇದೆ. ನಮ್ಮ ಪಾರ್ಟಿಗಳ ಫ್ರೂಟ್ ಕಸ್ಟರ್ಡ್ ಸಹ ಆ ಹೆಂಡತಿಯ ಪುಣ್ಯ.

ಬೆಂಗಳೂರಿನಲ್ಲಿ ಕೇಕು ದಂಡಿನ ಪ್ರದೇಶದ ಬಿಳಿಯರಿಂದ ಪೇಟೆಯ ಕಡೆಗೆ ದಾಟಿದ ಕಥೆಯೂ ಇಂಥದ್ದೇ. 1898ರಲ್ಲಿ ಚಿಕ್ಕಪೇಟೆಯಲ್ಲಿ ಹಾಸನದ ಕಡೆಯ ಅಯ್ಯಂಗಾರ್ ಸೋದರರು ಬೇಕರಿ ತೆರೆದರು. ಅವರ ಹಿಂದೆ ಅದೇ ಸೀಮೆಯ ನೂರಾರು ಮನೆಯವರು ಊರೂರಿಗೆ ಹೋಗಿ ಅಯ್ಯಂಗಾರ್ ಬೇಕರಿಗಳನ್ನು ತೆರೆದರು. ಮೊಟ್ಟೆ ಮುಟ್ಟದವರೂ ಧೈರ್ಯವಾಗಿ ಕೊಳ್ಳಬಹುದಾದ, ಕೈಗೆಟುಕುವ ಬೆಲೆಯ ಕೇಕು ಕರ್ನಾಟಕದ ಸಣ್ಣ ಊರುಗಳಿಗೆ ಬಂದದ್ದು ಹೀಗೆ. ಆದರೂ ನಾನು ಓದಿದ ಶಾಲೆಯಲ್ಲಿ ಹುಟ್ಟುಹಬ್ಬ ಎಂದರೆ ಕೇಕಲ್ಲ. ಆ ದಿನ ಯೂನಿಫಾರ್ಮ್ ಬೇಡ, ಬಣ್ಣದ ಬಟ್ಟೆ ಹಾಕಿಕೊಳ್ಳಬಹುದು, ಪೆಪ್ಪರಮೆಂಟಿನ ಡಬ್ಬಿ ಹಿಡಿದು ತರಗತಿಗೆಲ್ಲ ಹಂಚಬೇಕು. ಎಲ್ಲರಿಗೂ ಒಂದೊಂದು, ಮೇಷ್ಟ್ರಿಗೆ ಎರಡು, ಜೀವದ ಗೆಳತಿಗೆ ಗುಟ್ಟಾಗಿ ಮೂರು. ಗಮನಿಸಿ, ಉಡುಗೊರೆ ಕೊಡುವವರು ಹುಟ್ಟುಹಬ್ಬದವರೇ.

ಹಾಡಿಗೂ ಹುಟ್ಟುಹಬ್ಬವಿದೆ. ಅಮೆರಿಕದ ಕೆಂಟಕಿಯ ಲೂಯಿವಿಲ್‌ನಲ್ಲಿ ಪ್ಯಾಟಿ ಹಿಲ್ ಎಂಬ ಶಿಶುವಿಹಾರದ ಶಿಕ್ಷಕಿ ಮತ್ತು ಅವರಕ್ಕ ಮಿಲ್ಡ್ರೆಡ್ ಸೇರಿ ಮಕ್ಕಳು ಬೆಳಗ್ಗೆ ಟೀಚರಿಗೆ ಶುಭೋದಯ ಹೇಳಲೆಂದು ಒಂದು ರಾಗ ಕಟ್ಟಿದರು. ಅದು ಅಚ್ಚಾದದ್ದು 1893ರಲ್ಲಿ. ಅದೇ ರಾಗಕ್ಕೆ ಹುಟ್ಟುಹಬ್ಬದ ಮಾತು ಅಂಟಿಕೊಂಡಿತು. 1935ರಲ್ಲಿ ಒಂದು ಪ್ರಕಾಶನ ಸಂಸ್ಥೆ ಹಕ್ಕುಸ್ವಾಮ್ಯ ನೋಂದಾಯಿಸಿತು. ಅಲ್ಲಿಂದ ಶುರು, ಸಿನಿಮಾದಲ್ಲಿ ಹಾಡಿದರೆ ದುಡ್ಡು, ಸಾರ್ವಜನಿಕ ಜಾಗದಲ್ಲಿ ವ್ಯಾಪಾರಕ್ಕಾಗಿ ಹಾಡಿದರೆ ದುಡ್ಡು. ರೆಸ್ಟೊರೆಂಟುಗಳ ಮಾಣಿಗಳು ಚಪ್ಪಾಳೆ ತಟ್ಟಿಕೊಂಡು ತಮ್ಮದೇ ವಿಚಿತ್ರ ಹಾಡು ಹಾಡುತ್ತಿದ್ದದ್ದು ಇದರಿಂದಲೇ. ಕೊನೆಗೆ 2015ರಲ್ಲಿ ಅಮೆರಿಕದ ನ್ಯಾಯಾಲಯ ಆ ಹಕ್ಕು ಸಿಂಧುವಲ್ಲ ಎಂದಿತು, ಮರುವರ್ಷ 1 ಕೋಟಿ 40 ಲಕ್ಷ ಡಾಲರಿನ ಒಪ್ಪಂದವಾಗಿ ಹಾಡು ಎಲ್ಲರದಾಯಿತು. ಕನ್ನಡದಲ್ಲಿ ಅದೇ ರಾಗಕ್ಕೆ 'ಹುಟ್ಟುಹಬ್ಬದ ಶುಭಾಶಯಗಳು' ಎಂದು ಹಾಡಲು ಹೊರಟರೆ ಉಸಿರು ಸಾಲದು. ಛಂದಸ್ಸು ಓದಿದವಳ ಮಾತು ಕೇಳಿ, ಮಾತ್ರೆಗಳು ಹೊಂದುವುದೇ ಇಲ್ಲ. 1989ರ 'ಪರಶುರಾಮ್' ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಹಾಡಿದ ಹುಟ್ಟುಹಬ್ಬದ ಹಾಡಿದೆಯಲ್ಲ, ಅದನ್ನು ಕಲಿಯಿರಿ.

ಬಲೂನಿನ ಕಥೆ ಚಿಕ್ಕದು. 1824ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಹೈಡ್ರೋಜನ್ ತುಂಬಲೆಂದು ಎರಡು ರಬ್ಬರ್ ಹಾಳೆಗಳ ಅಂಚು ಒತ್ತಿ, ಅಂಟದಿರಲೆಂದು ಒಳಗೆ ಹಿಟ್ಟು ಉದುರಿಸಿ, ಮೊದಲ ರಬ್ಬರ್ ಬಲೂನು ಮಾಡಿದ. ಚಪಾತಿ ಲಟ್ಟಿಸುವವರಿಗೆ ಆ ಹಿಟ್ಟಿನ ಉಪಾಯ ವಿವರಿಸಬೇಕಿಲ್ಲ.

ಆದರೆ ಸಾಮಾನಿಗಿಂತ ಮುಖ್ಯವಾದ ಪ್ರಶ್ನೆ ಬೇರೆ: ಒಂದೇ ವಯಸ್ಸಿನ ಹತ್ತಿಪ್ಪತ್ತು ಮಕ್ಕಳನ್ನು ಕರೆಯಬೇಕು ಎಂದು ಯಾರಿಗೆ ಯಾವಾಗ ಹೊಳೆಯಿತು? ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದವರೆಗೂ ಒಂದೇ ಕೋಣೆಯ ಶಾಲೆಯಲ್ಲಿ ಆರು ವರ್ಷದವರೂ ಹದಿನಾರರವರೂ ಒಟ್ಟಿಗೆ ಕೂರುತ್ತಿದ್ದರು. ಸರಿಯಾದ ವಯಸ್ಸು ಯಾರಿಗೂ ಅಷ್ಟು ಮುಖ್ಯವಾಗಿರಲಿಲ್ಲ. ವಯಸ್ಸಿಗೆ ತಕ್ಕಂತೆ ತರಗತಿಗಳು ಬಂದ ಮೇಲೆ ವಯಸ್ಸೇ ಮಗುವಿನ ಗುರುತಾಯಿತು. ಹೋವರ್ಡ್ ಚುಡಕಾಫ್ ಎಂಬ ಚರಿತ್ರೆಕಾರ 1989ರಲ್ಲಿ ಇದರ ಮೇಲೆ ಇಡೀ ಪುಸ್ತಕ ಬರೆದಿದ್ದಾರೆ. ಮೇಷ್ಟ್ರು ಕಿವಿ ಮುಟ್ಟಿಸಿ ನೋಡಿದ ನಮ್ಮ ಅಜ್ಜಂದಿರ ಕಥೆಯೂ ಇದರದ್ದೇ ಇನ್ನೊಂದು ಮುಖ. ಶಾಲೆ ವಯಸ್ಸು ಕೇಳಿತು, ತಾರೀಖು ಹುಟ್ಟಿತು.

ಇಷ್ಟಾದರೂ ಪಾರ್ಟಿ ಮನೆಯಲ್ಲೇ ನಡೆಯುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಬೆಟ್ಟಿ ಕ್ರಾಕರ್ ಕೇಕಿನ ಪುಡಿ ಮಾರುಕಟ್ಟೆಗೆ ಬಂತು. ಹಿತ್ತಲು, ಅಮ್ಮ ಮಾಡಿದ ಕೇಕು, ಕಣ್ಣುಕಟ್ಟಿ ಕತ್ತೆಗೆ ಬಾಲ ಅಂಟಿಸುವ ಆಟ, ಇಷ್ಟೇ ಅಮೆರಿಕದ ಹುಟ್ಟುಹಬ್ಬ. ಬಾಡಿಗೆ ಜಾಗದ ಪಾರ್ಟಿ ಬೇರು ಬಿಟ್ಟದ್ದು 1970ರ ದಶಕದಲ್ಲಿ. ಅಟಾರಿ ವಿಡಿಯೊ ಗೇಮ್ ಕಂಪನಿಯ ನೋಲನ್ ಬುಶ್ನೆಲ್ 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮೊದಲ ಚಕ್ ಇ. ಚೀಸ್ ತೆರೆದ. ಅದು ಓಡಿದ್ದಕ್ಕೆ ಕಾರಣ ಬರೀ ಪಿಜ್ಜಾ ಅಲ್ಲ. ಅಮೆರಿಕದಲ್ಲಿ ಹದಿನೆಂಟರೊಳಗಿನ ಮಕ್ಕಳಿರುವ ತಾಯಂದಿರಲ್ಲಿ 1975ರಲ್ಲಿ ಶೇಕಡಾ 47ರಷ್ಟು ಹೊರಗಿನ ದುಡಿಮೆಯಲ್ಲಿದ್ದರು. 2000ದ ಹೊತ್ತಿಗೆ ಅದು ಶೇಕಡಾ 70ನ್ನು ದಾಟಿತ್ತು. ಕೇಕು ಮಾಡುವ, ಮನೆ ಒರೆಸುವ, ಆಟ ಆಡಿಸುವ ಕೈಗಳು ಆಫೀಸಿಗೆ ಹೋದವು. ಆ ಕೆಲಸಕ್ಕೆಲ್ಲ ಬೆಲೆ ಕಟ್ಟಿ ತಲೆಗೆ ಇಷ್ಟು ಎಂದು ಮಾರುವವರು ಬಂದರು. ಅಂದರೆ ಟ್ರ್ಯಾಂಪೊಲಿನ್ ಪಾರ್ಕಿನ ಬಿಲ್ಲಿನಲ್ಲಿ ಇರುವುದು ಹೆಚ್ಚಾಗಿ ಒಬ್ಬ ಅಮ್ಮನ ಶನಿವಾರದ ಕೂಲಿ. ಅದರ ಮೇಲೆ, ಶಾಲೆಯಲ್ಲಿ ಆಮಂತ್ರಣ ಹಂಚಿದರೆ ಇಡೀ ತರಗತಿಯನ್ನು ಕರೆಯಬೇಕು ಎಂಬ ನಿಯಮ ಎಷ್ಟೋ ಶಾಲೆಗಳಲ್ಲಿದೆ. ಯಾವ ಮಗುವಿನ ಮನಸ್ಸೂ ನೋಯದಿರಲಿ ಎಂಬ ಒಳ್ಳೆಯ ಉದ್ದೇಶದ್ದೇ. ಆದರೆ ತಲೆಗೆ 25 ಡಾಲರ್ ಎಂದಿಟ್ಟುಕೊಂಡು 24 ಮಕ್ಕಳಿಗೆ ಗುಣಿಸಿ ನೋಡಿ: 600.

ಈ ಬಿಲ್ಲಿನ ಎದುರು ನಿಮ್ಮ ಅಪ್ಪ ಅಮ್ಮ ನಿಂತದ್ದು ಯಾವ ಸ್ಥಿತಿಯಲ್ಲಿ? 1990ರ ವಲಸೆ ಕಾಯಿದೆ ಎಚ್-1ಬಿ ವೀಸಾ ತಂದಿತು, ಆ ದಶಕದ ಕೊನೆಗೆ ಬೆಂಗಳೂರಿನ ಸಾಫ್ಟ್‌ವೇರಿನವರು ಗುಂಪುಗುಂಪಾಗಿ ಬಂದರು. ಜೊತೆಗೆ ಎಚ್-4 ವೀಸಾದಲ್ಲಿ ಬಂದ ಹೆಂಡತಿಯರಿಗೆ ದುಡಿಯುವ ಅನುಮತಿ ಇರಲಿಲ್ಲ. 2015ರ ಮೇ ತಿಂಗಳಲ್ಲಿ, ಅದೂ ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ, ಅದು ಸಿಕ್ಕಿತು. ನಾನೂ ಆ ಗುಂಪಿನವಳೇ. ನನ್ನ ಕನ್ನಡ ಎಂ.ಎ. ಪದವಿಪತ್ರ ಎಷ್ಟೋ ವರ್ಷ ಸೂಟ್‌ಕೇಸಿನ ತಳದಲ್ಲಿ ಮಲಗಿತ್ತು. ಒಂದೇ ಸಂಬಳ, ಊರಿಗೆ ಕಳಿಸುವ ಹಣ, ವೀಸಾ ವಕೀಲರ ಫೀಸು. ಆದರೆ ಮನೆಯಲ್ಲಿ ಕೆಲಸವಿಲ್ಲದ ಕೈಗಳು ಬೇಕಾದಷ್ಟು. ಆಗ ಕ್ಲಬ್‌ಹೌಸಿನ ಪಾರ್ಟಿ ಹುಟ್ಟಿತು. ಒಬ್ಬರು ಬಿಸಿಬೇಳೆಬಾತು, ಒಬ್ಬರು ಮೊಸರನ್ನ, ಒಬ್ಬರು ಪುಡಿಯ ಡಬ್ಬಿ ತಂದು ಮೊಟ್ಟೆಯ ಬದಲು ಮೊಸರು ಹಾಕಿ ಕೇಕು, ಮಕ್ಕಳ ಅಮೆರಿಕನ್ ಗೆಳೆಯರಿಗೆ ಎರಡು ಚೀಸ್ ಪಿಜ್ಜಾ. ಮುಂದಿನ ತಿಂಗಳು ಇನ್ನೊಂದು ಮಗುವಿಗೆ ಇದೇ ಸರದಿ. ಊರಿನ ಮುಯ್ಯಿ ಇದು. ದುಡ್ಡಿನಲ್ಲಿ ಕೊಳ್ಳಲಾಗದ್ದನ್ನು ಒಬ್ಬರಿಗೊಬ್ಬರು ತೀರಿಸಿಕೊಂಡರು. ನಿಮಗೆ ನಾಚಿಕೆ ತಂದ ಆ ಟ್ರೇಗಳನ್ನು ಹೊತ್ತು ತಂದವರಲ್ಲಿ ಒಬ್ಬರು ಎಂಜಿನಿಯರು, ಒಬ್ಬರು ದಂತವೈದ್ಯೆ ಇದ್ದಿರಲೂ ಸಾಕು. ಕೇಳಿ ನೋಡಿ.

ಹಾಗೆಂದು ದೊಡ್ಡ ಪಾರ್ಟಿಯ ಒತ್ತಡ ನಮಗೆ ಮಾತ್ರ ತಟ್ಟಿತು ಎಂದುಕೊಳ್ಳಬೇಡಿ. 2007ರಲ್ಲಿ ಮಿನ್ನೆಸೋಟದ ಸೇಂಟ್ ಪಾಲ್ ಊರಿನ ತಂದೆತಾಯಿಯರು, ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಡೊಹರ್ಟಿ ಅವರ ಜೊತೆಗೂಡಿ, ಹುಟ್ಟುಹಬ್ಬದ ಪೈಪೋಟಿ ಸಾಕು ಎಂದು ಒಂದು ಚಳವಳಿಯನ್ನೇ ಶುರುಮಾಡಿದರು. ಅವರು ಯಾರೂ ಎಚ್-4ನವರಲ್ಲ.

ಈಗ ನಿಮ್ಮ ಸರದಿ. ತಂಗಿಗೆ ಏಳು ತುಂಬಿದರೆ ಏಳೇ ಗೆಳೆಯರನ್ನು ಕರೆಯಿರಿ, ವಯಸ್ಸಿನಷ್ಟೇ ತಲೆ, ಅಕ್ಬರನ ಲೆಕ್ಕದ ಹಾಗೆ. ಇಡೀ ತರಗತಿಯನ್ನು ಕರೆಯುವ ನಿಯಮ ಬರುವುದು ಶಾಲೆಯಲ್ಲಿ ಹಂಚಿದರೆ ತಾನೇ, ಮನೆಗಳಿಗೇ ನೇರವಾಗಿ ತಿಳಿಸಿ. ಮಧ್ಯಾಹ್ನ ಎರಡರಿಂದ ನಾಲ್ಕು ಎಂದು ಕರೆದರೆ ಊಟ ಹಾಕಬೇಕಿಲ್ಲ, ಚುರುಮುರಿಯೂ ಫ್ರೂಟ್ ಕಸ್ಟರ್ಡೂ ಸಾಕು. ಆಮಂತ್ರಣ ಕೈಯಲ್ಲೇ ಬರೆಯಿರಿ. ಸುಮಾರು ಕ್ರಿಸ್ತಶಕ 100ರಲ್ಲಿ ಬ್ರಿಟನ್ನಿನ ರೋಮನ್ ಕೋಟೆಯೊಂದರ ಅಧಿಕಾರಿಯ ಹೆಂಡತಿ ಕ್ಲಾಡಿಯಾ ಸೆವೆರಾ ತನ್ನ ಹುಟ್ಟುಹಬ್ಬಕ್ಕೆ ಬಾ ಎಂದು ಗೆಳತಿಗೆ ತೆಳುವಾದ ಮರದ ಹಾಳೆಯ ಮೇಲೆ ಬರೆದ ಓಲೆ ಇವತ್ತಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಕೊನೆಯ ಸಾಲುಗಳು ಆಕೆಯದೇ ಕೈಬರಹ. ಗುಡಿ ಬ್ಯಾಗಿನ ಪ್ಲಾಸ್ಟಿಕ್ ಬದಲು ಹುಟ್ಟುಹಬ್ಬದ ಮಗುವೇ ಡಬ್ಬಿ ಹಿಡಿದು ಪೆಪ್ಪರಮೆಂಟು ಹಂಚಲಿ. ಉಳಿದದ್ದು ಪಾರ್ಕಿನ ಶೆಲ್ಟರ್ ಬಾಡಿಗೆ ಒಂದೇ. ಬೇಸಿಗೆಯ ಶನಿವಾರ ಬೇಕೆಂದರೆ ಅದನ್ನು ಮೂರು ತಿಂಗಳು ಮುಂಚೆಯೇ ಹಿಡಿದಿಡಿ, ಇಲ್ಲದಿದ್ದರೆ ನಮ್ಮವರೇ ಯಾರೋ ಹಿಡಿದುಬಿಟ್ಟಿರುತ್ತಾರೆ.